ನಡುಮನೆಯ ಗೋಡೆ



ಕಳೆದ ಕಾರ್ತಿಕ ಮಾಸದಲ್ಲಿ ಸಖರಾಯಪಟ್ಟಣದ ನಮ್ಮ ಹಿರಿಯರ ಮನೆಯಲ್ಲಿ ಒಂದು ಕಾರ್ಯ ನಡೆಯಿತು. ಅದು ಮದುವೆಯಲ್ಲ, ಗೃಹಪ್ರವೇಶವೂ ಅಲ್ಲ. ಆದರೂ ನೆಂಟರಿಷ್ಟರೆಲ್ಲ ಸೇರಿದ್ದರು. ನಡುಮನೆಯನ್ನು ಎರಡಾಗಿ ಸೀಳಿದ್ದ ಅಡ್ಡಗೋಡೆಯನ್ನು ಅಂದು ಕೆಡವಿದೆವು. 1964ರಲ್ಲಿ ನಮ್ಮ ತಂದೆಯವರಿಗೂ ಚಿಕ್ಕಪ್ಪನವರಿಗೂ ಪಾಲಾದಾಗ ಎದ್ದ ಗೋಡೆ ಅದು. ಅಯ್ಯನಕೆರೆಯ ಕಾಲುವೆಯ ನೀರಿನ ಸರದಿ, ತೋಟದ ಬದುವಿನ ಏಳು ತೆಂಗಿನ ಮರ, ಇಷ್ಟರಿಂದ ಬೆಳೆದ ಮಾತು ಪಂಚಾಯಿತಿಯ ಕಟ್ಟೆಯನ್ನೇರಿ, ಕಡೆಗೆ ಹಸಿ ಇಟ್ಟಿಗೆಯ ಗೋಡೆಯಾಗಿ ಮನೆಯೊಳಗೆ ನಿಂತಿತು. ಗೋಡೆ ಹಿತ್ತಲಿನ ಬಾವಿಯ ಕಟ್ಟೆಯವರೆಗೂ ಸಾಗಿತ್ತು. ಬಾವಿಯನ್ನು ಸೀಳಲು ಬಾರದು. ಆದುದರಿಂದ ಆಚೆಗೊಂದು ಈಚೆಗೊಂದು ರಾಟೆಯನ್ನು ಹಾಕಿದ್ದರು. ಇತ್ತಣ ಕೊಡ ಇಳಿಯುವಾಗ ಅತ್ತಣ ಕೊಡ ಏರುತ್ತಿತ್ತು. ನೀರು ಒಂದೇ, ಮಾತು ಮಾತ್ರ ಇರಲಿಲ್ಲ.

ಆ ಜಗಳವಾಡಿದ ಹಿರಿಯರಲ್ಲಿ ಈಗ ಯಾರೂ ಇಲ್ಲ. ಮೊಮ್ಮಕ್ಕಳು ತಾವೇ ಮಾತಾಡಿಕೊಂಡು ಗೋಡೆ ತೆಗೆಯಲು ನಿಶ್ಚಯಿಸಿದರು. ಗೋಡೆಯ ಮೇಲಿನ ಸಾಲು ಹೆಂಚುಗಳನ್ನು ಇಳಿಸುತ್ತಿದ್ದಾಗ ನಮ್ಮ ಮೊಮ್ಮಗ ಒಂದು ಹೆಂಚನ್ನು ಒರೆಸಿ ನೋಡಿ, "ಅಜ್ಜಾ, ಇದರ ಮೇಲೆ ಇಂಗ್ಲಿಷ್ ಅಕ್ಷರ ಒತ್ತಿದ್ದಾರೆ" ಎಂದನು. ಬಾಸೆಲ್ ಮಿಶನ್ ಎಂಬ ಹೆಸರು, ಅದರ ಜೊತೆಗೆ 1865 ಎಂಬ ಇಸವಿ. ಈ ಹೆಂಚು ಎಲ್ಲಿಯದು, ಇದನ್ನು ಮಾಡಿದವರು ಯಾರು ಎಂದು ಆತ ಕೇಳಿದನು. ಮಧ್ಯಾಹ್ನದ ಪ್ರಸಾದವಾದ ಮೇಲೆ ಜಗಲಿಯಲ್ಲಿ ಕುಳಿತು ಹೇಳತೊಡಗಿದ ಕಥೆ ಮಂಗಳೂರಿನಿಂದ ಹೊರಟು ಬರ್ಲಿನ್ ನಗರದವರೆಗೆ ಹೋಗಿ, ತಿರುಗಿ ನಮ್ಮ ಅಡುಗೆಮನೆಗೇ ಬಂದು ನಿಂತಿತು. ಈ ತಿಂಗಳು ಅದನ್ನೇ ಓದುಗರ ಮುಂದೆ ಇಡುತ್ತಿದ್ದೇವೆ.

ಹೆಂಚು ತಂದವರು

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ನಗರ. ಅಲ್ಲಿಯ ಕ್ರೈಸ್ತ ಮಿಶನ್ನಿನಿಂದ 1834ರಲ್ಲಿ ಮಂಗಳೂರಿಗೆ ಬಂದಿಳಿದವರಲ್ಲಿಯೂ ಅನಂತರ ಬಂದವರಲ್ಲಿಯೂ ಬಹುಮಂದಿ ಜರ್ಮನಿಯವರು. ಅವರು ಬಂದುದು ತಮ್ಮ ಧರ್ಮದ ಪ್ರಚಾರಕ್ಕೆ; ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಂದವರು ನೆಲದ ಭಾಷೆಗೆ ದುಡಿದರು. ಹರ್ಮನ್ ಮೊಗ್ಲಿಂಗ್ ಅವರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟರು. ವುರ್ತ್ ಎಂಬ ಮಿಶನರಿ 1860ರ ದಶಕದಲ್ಲಿ ಬಸವಪುರಾಣವನ್ನೂ ಚನ್ನಬಸವಪುರಾಣವನ್ನೂ ಇಂಗ್ಲಿಷಿನಲ್ಲಿ ತಂದರು. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಇಂದಿಗೂ ಶಬ್ದವೊಂದರ ಅರ್ಥದಲ್ಲಿ ಸಂಶಯ ಬಂದಾಗ ವಿದ್ವಾಂಸರು ಅದನ್ನು ತೆರೆಯುತ್ತಾರೆ. ಮತಾಂತರಗೊಂಡವರ ಜೀವನೋಪಾಯಕ್ಕೆಂದು ಮಿಶನ್ನು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಆ ಹೆಂಚು ಘಟ್ಟವನ್ನೇರಿ ಮಲೆನಾಡು, ಅರೆಮಲೆನಾಡುಗಳ ಸೂರುಗಳನ್ನೆಲ್ಲ ಮುಚ್ಚಿತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನರೆಲ್ಲರೂ ವೈರಿಗಳಾದರು. ಎಪ್ಪತ್ತು ಎಂಬತ್ತು ವರ್ಷಗಳಿಂದ ಕನ್ನಡ ನೆಲದಲ್ಲಿ ಬೇರೂರಿದ್ದ ಮಿಶನ್ನಿನ ಜರ್ಮನರನ್ನು ಬಂಧನ ಶಿಬಿರಗಳಲ್ಲಿಟ್ಟು, ಬಳಿಕ ಸ್ವದೇಶಕ್ಕೆ ಸಾಗಹಾಕಿದರು. ಅವರ ಹೆಂಚಿನ ಹಾಗೂ ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದವು. ನಿನ್ನೆಯವರೆಗೆ ಗುರುಗಳೂ ಯಜಮಾನರೂ ಆಗಿದ್ದವರು ಇಂದು ಶತ್ರುಗಳು. ಮನುಷ್ಯ ಮಾಡಿದ ಯಾವ ಕೆಲಸವೂ ಬದಲಾಗಿರಲಿಲ್ಲ. ಬದಲಾದುದು ದೂರದ ರಾಜಧಾನಿಗಳಲ್ಲಿ ಬರೆದ ಒಂದು ಗೆರೆ. ಮುಂದಿನ ಕಥೆಯೆಲ್ಲ ಇಂತಹ ಗೆರೆಗಳದೇ.

ಇಬ್ಬರು ಜರ್ಮನರು

ಆ ಯುದ್ಧದಲ್ಲಿ ಜರ್ಮನಿ 1918ರಲ್ಲಿ ಸೋತಿತು. ಸೋತ ನಾಡಿನ ಅವಮಾನ, ಹಣದುಬ್ಬರ, ನಿರುದ್ಯೋಗಗಳನ್ನು ಬಂಡವಾಳ ಮಾಡಿಕೊಂಡು 1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ನಮ್ಮ ಕಷ್ಟಕ್ಕೆಲ್ಲ ಇಂತಹ ಜನವೇ ಕಾರಣ ಎಂದು ನೆರೆಮನೆಯವರತ್ತ ಬೆರಳು ತೋರಿಸುವುದು ಆತನ ರಾಜಕೀಯ. ಆ ಬೆರಳು ಯೆಹೂದ್ಯರ ಮೇಲೆ ಬಿದ್ದಿತು. ಮೊದಲು ನೌಕರಿ ಹೋಯಿತು, ಬಳಿಕ ಅಂಗಡಿ, ಬಳಿಕ ಮನೆ, ಕಡೆಗೆ ಪ್ರಾಣ. ಯುದ್ಧ ಮುಗಿಯುವ ವೇಳೆಗೆ ಯೂರೋಪಿನಲ್ಲಿ ಸುಮಾರು 60 ಲಕ್ಷ ಯೆಹೂದ್ಯರು ಕೊಲೆಯಾಗಿದ್ದರು.

ಈ ವಿಪತ್ತಿನಿಂದ ತಪ್ಪಿಸಿಕೊಂಡು ಬಂದ ಒಬ್ಬರಿಗೆ ನಮ್ಮ ಮೈಸೂರು ಸಂಸ್ಥಾನ ಆಶ್ರಯ ಕೊಟ್ಟಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಬರ್ಲಿನ್ನಿನಲ್ಲಿ 1908ರಲ್ಲಿ ಜನಿಸಿದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರು ವಾಸ್ತುಶಿಲ್ಪಿ. ಯೆಹೂದ್ಯ ಮೂಲದವರೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡು ದೇಶ ಬಿಟ್ಟರು. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾದರು. ತರೀಕೆರೆಯವರಿಗೆ ನೆರೆಯೂರಾದ ಭದ್ರಾವತಿಯ ಪಟ್ಟಣ ಯೋಜನೆಯನ್ನು ರೂಪಿಸಿದವರು ಅವರೇ. ಮುಂದೆ ಭುವನೇಶ್ವರದ ನಕ್ಷೆಯನ್ನೂ ಅವರು ಬರೆದರು.

ಇನ್ನೊಬ್ಬರು ಜಿ.ಎಚ್. ಕ್ರುಂಬಿಗಲ್. ಡ್ರೆಸ್ಡನ್ ನಗರದ ಬಳಿ 1865ರಲ್ಲಿ, ಎಂದರೆ ನಮ್ಮ ಹೆಂಚಿನ ಮೇಲಿನ ಇಸವಿಯಲ್ಲಿಯೇ, ಜನಿಸಿದವರು. ಬರೋಡೆಯಲ್ಲಿದ್ದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿಗೆ ಕರೆಸಿಕೊಂಡರು. 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಅವರು, ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಗಿಡ ನೆಡಿಸಿದರು. ಆದರೂ ಎರಡನೆಯ ಮಹಾಯುದ್ಧ ಬಂದಾಗ, ಜರ್ಮನ್ ಎಂಬ ಕಾರಣಕ್ಕೆ ಈ ವೃದ್ಧರು ಬಂಧನವನ್ನು ಅನುಭವಿಸಬೇಕಾಯಿತು.

1945ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳ ಬಾಂಬಿಗೆ ಡ್ರೆಸ್ಡನ್ ನಗರದ ನಡುಭಾಗ ಸುಟ್ಟು ಬೂದಿಯಾಯಿತು. ಅದೇ ವರ್ಷ ಮೇ 8ರಂದು ಜರ್ಮನಿ ಶರಣಾಯಿತು. ಕ್ರುಂಬಿಗಲ್ಲರು 1956ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಕಣ್ಣುಮುಚ್ಚಿ ಇಲ್ಲಿಯ ಮಣ್ಣಿಗೇ ಸಂದರು. ಅಷ್ಟರಲ್ಲಿ ಅವರು ಹುಟ್ಟಿದ ಊರು ಬೇರೊಂದು ದೇಶವಾಗಿ ಹೋಗಿತ್ತು.

ಒಂದು ಮನೆ, ನಾಲ್ಕು ಪಾಲು

ಗೆದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ರಷ್ಯಾಗಳು ಜರ್ಮನಿಯನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡವು. ರಾಜಧಾನಿ ಬರ್ಲಿನ್ ಇದ್ದುದು ರಷ್ಯದ ಪಾಲಿನ ಒಳಗೆ. ಅದನ್ನೂ ನಾಲ್ಕು ಮಾಡಿದರು. ಪಾಲುಗಾರರ ನಡುವೆಯೇ ವೈಮನಸ್ಯ ಬೆಳೆಯಿತು. 1948ರ ಜೂನ್ ತಿಂಗಳಲ್ಲಿ ರಷ್ಯನ್ನರು ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಜಲಮಾರ್ಗಗಳನ್ನೆಲ್ಲ ಮುಚ್ಚಿದರು. ಸುಮಾರು ಹನ್ನೊಂದು ತಿಂಗಳು ಆ ನಗರದ 20 ಲಕ್ಷ ಜನರಿಗೆ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲುಗಳನ್ನು ವಿಮಾನದಲ್ಲಿಯೇ ಸಾಗಿಸಿದರು. 1949ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ, ಅಕ್ಟೋಬರಿನಲ್ಲಿ ಪೂರ್ವ ಜರ್ಮನಿ ಬೇರೆ ಬೇರೆ ರಾಷ್ಟ್ರಗಳಾದವು. ಒಂದೇ ನುಡಿ, ಒಂದೇ ಹಾಡು, ಒಂದೇ ಅಡುಗೆ. ಎರಡು ಸರ್ಕಾರ, ಎರಡು ನಾಣ್ಯ.

ಪೂರ್ವದಲ್ಲಿ ಬಾಯಿಬಿಡಲು ಭಯ. ಪಶ್ಚಿಮದಲ್ಲಿ ಕೈತುಂಬ ಕೆಲಸ. 1961ರವರೆಗೆ 25 ಲಕ್ಷಕ್ಕೂ ಹೆಚ್ಚು ಜನ ಪೂರ್ವವನ್ನು ಬಿಟ್ಟು ಹೊರಟುಹೋದರು. ವೈದ್ಯರು, ಉಪಾಧ್ಯಾಯರು, ಕುಶಲ ಕೆಲಸಗಾರರು ಹೀಗೆ ಬರಿದಾಗುತ್ತಿದ್ದ ಮನೆಗೆ ಯಜಮಾನರು ಹುಡುಕಿದ ಉಪಾಯ ಗೋಡೆ. 1961ರ ಆಗಸ್ಟ್ 13, ಭಾನುವಾರ. ಬರ್ಲಿನ್ನಿನ ಜನ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಬೀದಿಗೆ ಅಡ್ಡಲಾಗಿ ಮುಳ್ಳುತಂತಿ ಹರಿದಿತ್ತು. ಮುಂದೆ ಅದು ಕಾಂಕ್ರೀಟಾಗಿ, ಕಾವಲು ಗೋಪುರ, ಬಂದೂಕುಗಳ ಸಹಿತ ಪಶ್ಚಿಮ ಬರ್ಲಿನ್ನನ್ನು 155 ಕಿಲೋಮೀಟರ್ ಉದ್ದಕ್ಕೆ ಸುತ್ತುವರಿಯಿತು.

ಬೆರ್ನಾವರ್ ಎಂಬ ಬೀದಿಯಲ್ಲಿ ಮನೆಗಳು ಪೂರ್ವಕ್ಕೆ ಸೇರಿದ್ದವು, ಮನೆಯ ಮುಂದಿನ ಕಾಲುಹಾದಿ ಪಶ್ಚಿಮಕ್ಕೆ. ಜನ ಕಿಟಕಿಯಿಂದ ಧುಮುಕತೊಡಗಿದಾಗ ಕಿಟಕಿಗಳಿಗೇ ಇಟ್ಟಿಗೆ ಕಟ್ಟಿಸಿದರು. ಗೋಡೆಯ ಬಳಿ ಪ್ರಾಣ ಕಳೆದುಕೊಂಡವರು ಕನಿಷ್ಠ 140 ಮಂದಿ. ಬೀದಿಯ ಆಚೆ ಮಗಳು, ಈಚೆ ತಾಯಿ. ಮದುವೆಯ ದಿನ ಏಣಿಯ ಮೇಲೆ ನಿಂತು ಕೈಬೀಸುವುದೇ ಆಶೀರ್ವಾದ. ಎರಡು ವರ್ಷಗಳ ಮೇಲೆ, 1963ರ ಕ್ರಿಸ್‌ಮಸ್ ಹಬ್ಬಕ್ಕೆ ಮಾತ್ರ, ಪಶ್ಚಿಮ ಬರ್ಲಿನ್ನಿನವರು ಆಚೆಯ ಬಂಧುಗಳನ್ನು ನೋಡಿ ಬರಲು ಪರವಾನಗಿ ಸಿಕ್ಕಿತು. ಹದಿನೆಂಟು ದಿನಗಳಲ್ಲಿ ಸುಮಾರು 12 ಲಕ್ಷ ಭೇಟಿಗಳಾದವು. ಚಳಿಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಒಂದು ದಿನದ ಮಟ್ಟಿಗೆ ಹೋಗಿ, ಮಧ್ಯರಾತ್ರಿಯೊಳಗೆ ಹಿಂದಿರುಗಬೇಕು. ಮರುವರ್ಷದಿಂದ ಪೂರ್ವದ ವೃದ್ಧರಿಗೆ ಪಶ್ಚಿಮಕ್ಕೆ ಹೋಗಿಬರಲು ಅನುಮತಿ ದೊರೆಯಿತು. ದುಡಿಯುವ ಕೈಗಳು ಹೋಗಬಾರದು. ಮುದುಕರು ಹಿಂದಿರುಗದಿದ್ದರೂ ಸರ್ಕಾರಕ್ಕೆ ನಷ್ಟವಿಲ್ಲ!

ಕಣ್ಣಿಗೆ ಕಾಣುವ ಗೋಡೆಗಿಂತ ಕಾಣದ ಗೋಡೆ ಕ್ರೂರವಾಗಿತ್ತು. ಪೂರ್ವದ ಗುಪ್ತ ಪೊಲೀಸ್ ಇಲಾಖೆಯಲ್ಲಿ 1989ರ ವೇಳೆಗೆ 90 ಸಾವಿರಕ್ಕೂ ಹೆಚ್ಚು ನೌಕರರಿದ್ದರು. ಅವರ ಜೊತೆಗೆ ಒಂದೂವರೆ ಲಕ್ಷಕ್ಕೂ ಮೀರಿದ ಗುಟ್ಟಿನ ಸುದ್ದಿಗಾರರು. 1992ರಿಂದ ಜನರಿಗೆ ತಮ್ಮ ಕಡತವನ್ನು ತಾವೇ ಓದುವ ಹಕ್ಕು ದೊರೆತಾಗ, ತಮ್ಮ ಮೇಲೆ ವರದಿ ಬರೆದವರು ಗೆಳೆಯರೆಂದು, ಸಹೋದ್ಯೋಗಿಗಳೆಂದು, ಒಂದೆರಡು ಕಡೆ ಕೈಹಿಡಿದ ಪತಿಯೇ ಎಂದು ತಿಳಿದು ಸಂಸಾರಗಳು ಮುರಿದವು.

ಮೇಣದ ಬತ್ತಿಯ ಮುಂದೆ ಬಂದೂಕು

ಈ ಗೋಡೆ ಯುದ್ಧದಿಂದ ಬೀಳಲಿಲ್ಲ ಎಂಬುದನ್ನು ಭಕ್ತಬಂಧುಗಳು ವಿಶೇಷವಾಗಿ ಗಮನಿಸಬೇಕು. ಪೂರ್ವದ ಲೈಪ್‌ಜಿಗ್ ನಗರದ ನಿಕೊಲಾಯ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. ಮೊದಲಿಗೆ ಬರುತ್ತಿದ್ದವರು ಬೆರಳೆಣಿಕೆಯ ಮಂದಿ. 1989ರ ಅಕ್ಟೋಬರ್ 9ರ ಸೋಮವಾರ ಪ್ರಾರ್ಥನೆ ಮುಗಿಸಿ ಬೀದಿಗೆ ಬಂದವರೊಂದಿಗೆ ಸುಮಾರು 70 ಸಾವಿರ ಜನ ಕೂಡಿದರು. ಕೈಯಲ್ಲಿ ಮೇಣದ ಬತ್ತಿ. ಒಂದು ಕೈ ಬತ್ತಿ ಹಿಡಿದರೆ ಇನ್ನೊಂದು ಕೈ ಅದು ಆರದಂತೆ ಮರೆಯಾಗಬೇಕು. ಕಲ್ಲೆತ್ತಲು ಕೈಯೇ ಉಳಿಯದು. ಆಯುಧ ಸಹಿತ ಸಿದ್ಧವಾಗಿದ್ದ ಪಡೆಗಳು ಗುಂಡು ಹಾರಿಸಲಿಲ್ಲ. ಇದಕ್ಕೆ ಅನುಕೂಲವಾದ ಹೊರಗಿನ ಕಾರಣಗಳೂ ಇದ್ದವು. ರಷ್ಯದಲ್ಲಿ 1985ರಿಂದ ಗೋರ್ಬಚೇವ್ ಅವರ ಆಡಳಿತವಿತ್ತು; ಹಂಗೇರಿ ದೇಶ ಆ ಸೆಪ್ಟೆಂಬರಿನಲ್ಲಿಯೇ ತನ್ನ ಗಡಿಯನ್ನು ಪೂರ್ವ ಜರ್ಮನರಿಗೆ ತೆರೆದಿತ್ತು.

ನವೆಂಬರ್ 9ರ ಸಂಜೆ ಬರ್ಲಿನ್ನಿನ ಪತ್ರಿಕಾಗೋಷ್ಠಿಯೊಂದರಲ್ಲಿ ಪ್ರಯಾಣದ ಹೊಸ ನಿಯಮಗಳನ್ನು ಓದಿದ ನಾಯಕರು, ಇದು ಎಂದಿನಿಂದ ಜಾರಿ ಎಂಬ ಪ್ರಶ್ನೆಗೆ ತಡವರಿಸುತ್ತ ಈ ಕ್ಷಣದಿಂದಲೇ ಎಂಬ ಅರ್ಥ ಬರುವಂತೆ ನುಡಿದುಬಿಟ್ಟರು. ಸುದ್ದಿ ಕೇಳಿದ ಜನ ಗಡಿಯ ದ್ವಾರಗಳಿಗೆ ನುಗ್ಗಿದರು. ಕಾವಲುಗಾರರಿಗೆ ಮೇಲಿನ ಆಜ್ಞೆ ಬಾರಲಿಲ್ಲ. ಅಪಾರ ಜನಸಾಗರದ ಎದುರು ಅವರೇ ದ್ವಾರ ತೆರೆದರು. ಇಪ್ಪತ್ತೆಂಟು ವರ್ಷ ನಿಂತ ಗೋಡೆ ಒಂದು ರಾತ್ರಿಯಲ್ಲಿ ಅರ್ಥ ಕಳೆದುಕೊಂಡಿತು. 1990ರ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ. ಆದರೆ ನಾವು ಹೇಳಬೇಕೆಂದಿರುವುದು ಮುಂದಿನದು. ಗೋಡೆಯನ್ನು ಕೆಡವಿದವರು ಪೂರ್ವದ ಜನ. ಕೂಡಿದ ಮನೆಯ ಕಟ್ಟಳೆ ಬರೆದವರು ಪಶ್ಚಿಮದವರು. ಎರಡು ಕಡೆಯವರೂ ಕುಳಿತು ಹೊಸ ಸಂವಿಧಾನ ಬರೆಯಲಿಲ್ಲ. ಪೂರ್ವದ ಐದು ರಾಜ್ಯಗಳು ಪಶ್ಚಿಮದ ಸಂವಿಧಾನದೊಳಕ್ಕೆ ಬಂದು ಸೇರಿದವು. ಹೆಸರು, ಧ್ವಜ, ನಾಣ್ಯ, ಕಾನೂನು ಎಲ್ಲವೂ ಪಶ್ಚಿಮದ್ದೇ. ಪೂರ್ವದ ಸುಮಾರು 8,500 ಸರ್ಕಾರಿ ಉದ್ಯಮಗಳನ್ನು ಮಾರಲು ಒಂದು ಸಂಸ್ಥೆಯನ್ನು ಮಾಡಿದರು. ಅವುಗಳಲ್ಲಿ 40 ಲಕ್ಷ ಜನ ದುಡಿಯುತ್ತಿದ್ದರು. ಬಹಳಷ್ಟು ಮುಚ್ಚಿಹೋದವು. ಐವತ್ತು ವರ್ಷ ವಯಸ್ಸಿನ ಕುಶಲ ಕೆಲಸಗಾರ ಮನೆಯಲ್ಲಿ ಕುಳಿತನು, ಮಕ್ಕಳು ಕೆಲಸ ಹುಡುಕಿ ಪಶ್ಚಿಮಕ್ಕೆ ಹೊರಟರು. ಪಶ್ಚಿಮದವರು ಜುಗ್ಗತನ ಮಾಡಲಿಲ್ಲ. ಪೂರ್ವದ ರಸ್ತೆ, ಮನೆ, ಪಿಂಚಣಿಗಳಿಗೆ ವರ್ಷಗಟ್ಟಲೆ ವಿಶೇಷ ತೆರಿಗೆ ತೆತ್ತರು. ಆದರೆ ಕೊಡುವ ಕೈ ಮೇಲಿರುತ್ತದೆ. ತೆಗೆದುಕೊಳ್ಳುವ ಕೈ ಕೆಳಗಿರುತ್ತದೆ. ಪೂರ್ವದವರನ್ನು 'ಒಸ್ಸಿ' ಎಂದು, ಪಶ್ಚಿಮದವರನ್ನು 'ವೆಸ್ಸಿ' ಎಂದು ಪರಸ್ಪರ ಆಡಿಕೊಳ್ಳತೊಡಗಿದರು. ಎಲ್ಲ ಬಲ್ಲೆನೆಂಬ ಪಶ್ಚಿಮದವನಿಗೆ 'ಬೆಸ್ಸರ್‌ವೆಸ್ಸಿ' ಎಂಬ ಹೊಸ ಶಬ್ದ ಹುಟ್ಟಿ, 1991ರಲ್ಲಿ ಅದೇ ಆ ನಾಡಿನ ವರ್ಷದ ಶಬ್ದವೆನಿಸಿತು. ಪೂರ್ವದಲ್ಲಿ ಬೆಳೆದ ಏಂಜೆಲಾ ಮರ್ಕೆಲ್ ಅವರು 2005ರಿಂದ 2021ರವರೆಗೆ ಇಡೀ ದೇಶವನ್ನು ಆಳಿದರೂ, ನಮ್ಮನ್ನು ಯಾರೂ ಕೇಳಲಿಲ್ಲ ಎಂಬ ಪೂರ್ವದವರ ನೋವು ಇನ್ನೂ ಪೂರ್ತಿ ಆರಿಲ್ಲ. 2018ರ ಫೆಬ್ರವರಿಗೆ, ಗೋಡೆ ನಿಂತಿದ್ದಷ್ಟೇ ಕಾಲ ಗೋಡೆ ಬಿದ್ದ ಮೇಲೂ ಕಳೆಯಿತು. ಕಲ್ಲಿನ ಗೋಡೆಯ ಆಯುಷ್ಯ ಮುಗಿದರೂ ಮನಸ್ಸಿನ ಗೋಡೆಯ ಆಯುಷ್ಯ ಮುಗಿಯಲಿಲ್ಲ.

ತುಂಗಭದ್ರೆಯ ಈಚೆ ಆಚೆ

ಇದು ದೂರದೇಶದ ವಿಚಾರವೆಂದು ಓದುಗರು ಪುಟ ತಿರುವಬಾರದು. ನಾವೂ ಇಂತಹ ಪಾಲಿನಲ್ಲಿಯೇ ಬಾಳಿದವರು. ನಮ್ಮ ಪಾಲು ನಾವೇ ಮಾಡಿದ ಯುದ್ಧಾಪರಾಧದಿಂದ ಬಂದುದಲ್ಲ, ನಮ್ಮ ಗಡಿಯಲ್ಲಿ ಮುಳ್ಳುತಂತಿಯೂ ಇರಲಿಲ್ಲ. ಆದರೂ ಪಾಲು ಪಾಲೇ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕನ್ನಡದ ನೆಲ ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು, ಇವಲ್ಲದೆ ಜಮಖಂಡಿ, ಮುಧೋಳ, ಸೊಂಡೂರಿನಂತಹ ಚಿಕ್ಕ ಸಂಸ್ಥಾನಗಳಾಗಿ ಹರಿದು ಹಂಚಿಹೋಯಿತು. ಹಿಂದೆ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು, ನಾವು ಮೈಸೂರಿನವರು. ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರ, ಚಿಕ್ಕಜಾಜೂರು, ದಾವಣಗೆರೆ ದಾಟಿ ಹರಿಹರಕ್ಕೆ ಬಂದರೆ ಮೈಸೂರು ಮುಗಿಯಿತು. ತುಂಗಭದ್ರೆಯ ಸೇತುವೆಯ ಆಚೆಗೆ ಮುಂಬಯಿ ಪ್ರಾಂತ. ಆಚೆಯ ದಡದಲ್ಲಿಯೂ ಅದೇ ಮಾತು, ಅದೇ ವಿಭೂತಿ, ಅದೇ ಇಷ್ಟಲಿಂಗ. ಆದರೆ ನಿಜಾಮರ ಸೀಮೆಯಲ್ಲಿ ಕಚೇರಿಯ ಭಾಷೆ ಉರ್ದು. ಮುಂಬಯಿ ಸೀಮೆಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂತಹವರು ಹೆಣಗಬೇಕಾಯಿತು.

ಕೂಡಬೇಕೆಂಬ ಕೂಗು ಮೊದಲೆದ್ದುದು ಆ ಕಡೆಯಿಂದಲೇ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು ಊರೂರು ಅಲೆದು ಕನ್ನಡಿಗರನ್ನು ಎಚ್ಚರಿಸಿದರು. 1953ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡರು ಏಕೀಕರಣಕ್ಕಾಗಿ ಆಮರಣ ಉಪವಾಸ ಕೈಗೊಂಡರು. ನಮ್ಮ ಮೈಸೂರಿನಲ್ಲಿ ಮಾತ್ರ ಹಿಂಜರಿಕೆಯವರು ಬಹಳ. ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಇತ್ತು, ಭದ್ರಾವತಿಯ ಕಬ್ಬಿಣ, ಕನ್ನಂಬಾಡಿಯ ಅಣೆಕಟ್ಟು ಇದ್ದವು. ಬಡ ಬಂಧುಗಳು ಬಂದರೆ ನಮ್ಮ ಕಣಜ ಬರಿದಾದೀತೆಂಬ ಲೆಕ್ಕ, ಅಧಿಕಾರ ಯಾರ ಕೈಗೆ ಹೋದೀತೆಂಬ ಅಂಜಿಕೆ. ಎರಡು ಕರ್ನಾಟಕಗಳಾಗಲಿ ಎಂದವರೂ ಇದ್ದರು. ಆ ಹೊತ್ತಿನಲ್ಲಿ ಏಕೀಕರಣದ ಪರವಾಗಿ ನಿಂತ ಕೆಂಗಲ್ ಹನುಮಂತಯ್ಯನವರ, ಕುವೆಂಪು ಅವರ ಧೈರ್ಯವನ್ನು ನೆನೆಯಬೇಕು.

1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಹೆಸರು ಮಾತ್ರ ಮೈಸೂರು, ರಾಜಧಾನಿ ಬೆಂಗಳೂರು. ಕರ್ನಾಟಕ ಎಂಬ ಹೆಸರಿಗಾಗಿ ಹೋರಾಡಿದವರು ಆ ಹೆಸರನ್ನು ಕೇಳಲು 1973ರ ನವೆಂಬರ್ 1ರವರೆಗೆ, ಎಂದರೆ ಹದಿನೇಳು ವರ್ಷ, ಕಾಯಬೇಕಾಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39. ಅವುಗಳಲ್ಲಿ 26 ಉತ್ತರದವು. ಕಲಬುರಗಿ ಸೀಮೆಗೆ ಸಂವಿಧಾನದ 371-ಜೆ ವಿಧಿಯ ವಿಶೇಷ ಸ್ಥಾನ ದೊರೆಯಲು 2013 ಬರಬೇಕಾಯಿತು. ಕಾಸರಗೋಡಿನ ಕನ್ನಡಿಗರಂತೂ ಇಂದಿಗೂ ಕೇರಳದಲ್ಲಿಯೇ ಇದ್ದಾರೆ. ಬರ್ಲಿನ್ನಿನ ಪೂರ್ವದವರ ನೋವು ನಮಗೆ ಅರ್ಥವಾಗದ ನೋವೇನಲ್ಲ.

ಅಡುಗೆಮನೆಯ ಗಡಿ

ಇಷ್ಟು ಹೇಳುವಾಗ ನಮ್ಮ ಮನೆಯ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. 1966ರಲ್ಲಿ ನಮ್ಮ ಅಣ್ಣನವರಿಗೆ ರಾಣೇಬೆನ್ನೂರು ಕಡೆಯ ಹೆಣ್ಣನ್ನು ತಂದೆವು. ರಾಜ್ಯ ಒಂದಾದ ಮೇಲೆ ಹೊಳೆಯಾಚೆಯ ಸಂಬಂಧಗಳು ಹೆಚ್ಚಿದ್ದ ಕಾಲ. ಅತ್ತಿಗೆ ನಮ್ಮ ಮಾತಿಗೆ 'ಹೌದ್ರಿ' ಎಂದರೆ ನಾವು ನಕ್ಕೆವು. ಅಡುಗೆಗೆ 'ಅಡಗಿ' ಎಂದರೆ ಹುಡುಗರು ಅಣಕಿಸಿದರು. ಅವರು ರೊಟ್ಟಿ ಬಡಿಯುವ ಸದ್ದಿಗೆ ತಾಯಿಯವರು ಹುಬ್ಬು ಗಂಟಿಕ್ಕುತ್ತಿದ್ದರು. ನಮ್ಮ ಮನೆಯಲ್ಲಿ ಮುದ್ದೆಯೇ ಊಟ. ರೊಟ್ಟಿ ಬೇಕಾದರೆ ಎಲ್ಲರದಾದ ಮೇಲೆ ಒಲೆ ಸಿಕ್ಕಾಗ ಬಡಿದುಕೊಳ್ಳಬೇಕು. 'ಆ ಕಡೆಯವರು' ಎಂಬುದೇ ಅವರ ಹೆಸರಾಯಿತು. ನಾವು ಕೆಟ್ಟವರೆಂದು ನಮಗೆ ಎಂದೂ ಅನಿಸಲಿಲ್ಲ. ಸೀರೆಗೆ, ಊಟಕ್ಕೆ ಕೊರತೆ ಮಾಡಿರಲಿಲ್ಲವಲ್ಲ!

ಒಂದು ದಿನ ಅತ್ತಿಗೆ ಒಲೆಯ ಮುಂದೆ ಕುಳಿತವರು ತಲೆಯೆತ್ತದೆ, "ರಾಜ್ಯ ಒಂದಾಗಿ ಹತ್ತು ವರ್ಷ ಆತ್ರಿ. ಈ ಅಡಗಿಮನಿ ಯಾವಾಗ ಒಂದಾಗೂದು?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಬಂದುದು ಎಷ್ಟೋ ವರ್ಷಗಳ ಮೇಲೆ. ತಾಯಿಯವರು ಹಾಸಿಗೆ ಹಿಡಿದು ಎಂಟು ತಿಂಗಳು ಮಲಗಿದಾಗ ಎತ್ತಿ ಇಳಿಸಿದವರು ಅತ್ತಿಗೆಯೇ. ಕಾಫಿಯನ್ನು ವೈದ್ಯರು ನಿಲ್ಲಿಸಿದ್ದರು. ಬೆಳಗಿನ ಜಾವ ಅವರು "ಚಹಾ ಕೊಡವ್ವಾ" ಎಂದು ಕೂಗುತ್ತಿದ್ದುದು ನಮಗೆ ಈಗಲೂ ಕೇಳಿಸುತ್ತದೆ. ಅವರು ಕ್ಷಮೆಯನ್ನೆಂದೂ ಕೇಳಲಿಲ್ಲ. ಸೊಸೆಯ ಮಾತಿನಲ್ಲಿಯೇ ಕೇಳಿ ಕುಡಿದರು. ಅತ್ತಿಗೆಗೆ ಅದು ಸಾಕಾಯಿತು.

ಬಂಧುಗಳೇ, ನಮಗೆ ತೋರುವುದಿಷ್ಟು. ಬಂದವರು ನಮ್ಮಂತೆ ಆಗಲಿ ಎಂಬುದು ಕೂಡಿಕೆಯಲ್ಲ, ಸೇರಿಸಿಕೊಳ್ಳುವಿಕೆ. ಸೇರಿಸಿಕೊಂಡವರು ಉದಾರಿಗಳೆನಿಸುತ್ತಾರೆ, ಸೇರಿಕೊಂಡವರು ಋಣಿಗಳಾಗಿ ಉಳಿಯುತ್ತಾರೆ. ನಿಜವಾಗಿ ಕೂಡಬೇಕಾದರೆ ದೊಡ್ಡ ಮನೆಯವರೂ ತಮ್ಮದೊಂದನ್ನು ಬಿಡಬೇಕು, ಚಿಕ್ಕವರದೊಂದನ್ನು ಕಲಿಯಬೇಕು. ಅನುಭವ ಮಂಟಪದಲ್ಲಿ ದೂರದೂರದಿಂದ ಬಂದವರು ಒಂದೇ ನೆಲದ ಮೇಲೆ ಕುಳಿತು ಮಾತಾಡಿದರೆಂಬ ನೆನಪನ್ನು ಹೊತ್ತ ಸಮಾಜ ನಮ್ಮದು. ಆ ನೆನಪು ನಮ್ಮ ಅಡುಗೆಮನೆಗೂ ಇಳಿಯಬೇಕು. ನಿಮ್ಮ ಮನೆಯಲ್ಲಿ 'ಆ ಕಡೆಯವರು' ಎನಿಸಿಕೊಂಡ ಸೊಸೆ, ಅಳಿಯ, ಮಲಸೋದರರು ಇದ್ದಾರೆಯೇ? ಅವರಿಗೇನು ಕೊಟ್ಟೆವೆಂದು ಲೆಕ್ಕ ಹಾಕುವುದರ ಬದಲು, ಅವರಿಂದೇನು ಕಲಿತೆವೆಂದು ಈ ತಿಂಗಳು ಒಮ್ಮೆ ಕೇಳಿಕೊಳ್ಳಿ.

ಬರ್ಲಿನ್ನಿನ ಗೋಡೆಯ ಕಾವಲು ಪಟ್ಟಿಯ ನಡುವೆ ಸಿಕ್ಕಿಕೊಂಡಿದ್ದ ಒಂದು ಹಳೆಯ ಚರ್ಚನ್ನು ಪೂರ್ವದ ಸರ್ಕಾರ 1985ರಲ್ಲಿ ಸಿಡಿಸಿ ಕೆಡವಿತ್ತು. ಅದರ ಹೆಸರು ಮರುಮೈತ್ರಿಯ ಚರ್ಚು. ಅದೇ ಜಾಗದಲ್ಲಿ 2000ದಲ್ಲಿ ಚಿಕ್ಕದೊಂದು ಪ್ರಾರ್ಥನಾ ಮಂದಿರವನ್ನು ಕಟ್ಟಿದರು. ಅದರ ಗೋಡೆ ಕಾಂಕ್ರೀಟಿನದಲ್ಲ. ಹಳೆಯ ಚರ್ಚಿನ ಚೂರುಗಳನ್ನು ಬೆರೆಸಿ ಒತ್ತಿದ ಬರಿಯ ಮಣ್ಣಿನದು.

ಇದನ್ನು ಹೇಳಿದಾಗ ಮೊಮ್ಮಕ್ಕಳು ನಮ್ಮ ಅಡ್ಡಗೋಡೆಯ ಇಟ್ಟಿಗೆಗಳನ್ನು ಬೀದಿಗೆ ಹಾಕುವುದು ಬೇಡವೆಂದರು. ಅದಕ್ಕೂ ಮೊದಲು ಎರಡು ಮನೆಯವರೂ ಕುಳಿತು ನೀರಿನ ಸರದಿಯನ್ನೂ ಆ ಏಳು ಮರಗಳ ಲೆಕ್ಕವನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿದರು. ಲೆಕ್ಕ ತೀರದ ಪ್ರೀತಿ ಬಹುಕಾಲ ಬಾಳದೆಂದು ಹುಡುಗರಿಗೇ ತಿಳಿದಿತ್ತು. ಹಸಿ ಇಟ್ಟಿಗೆಯನ್ನು ನೆನೆಸಿ, ತುಳಿದು, ಬಾವಿಯ ಬಳಿ ಕುಳಿತುಕೊಳ್ಳಲು ಒಂದು ಕಟ್ಟೆ ಮಾಡಿದ್ದಾರೆ. ಎರಡು ರಾಟೆಗಳಲ್ಲಿ ಒಂದನ್ನು ತೆಗೆಯೋಣವೇ ಎಂದಾಗ, ಎಂಬತ್ತರ ಹತ್ತಿರವಿರುವ ಅತ್ತಿಗೆಯವರು ಬೇಡವೆಂದರು. "ಎರಡೂ ಇರ್ಲಿ. ಇಬ್ಬರು ಒಟ್ಟಿಗೆ ನೀರು ಸೇದಿದ್ರ ಮಾತಾಡಾಕ ಬರ್ತದ."